ಮಕ್ಕಳ ವಕ್ರದಂತ ಚಿಕಿತ್ಸೆ: ಬೇಗ ತೋರಿಸುವುದು ಬೇರೆ, ಬೇಗ ಆರಂಭಿಸುವುದು ಬೇರೆ

ಮಕ್ಕಳ ಹಲ್ಲು ಸೊಟ್ಟಗೆ ಬಂದಾಗ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ಹಾಲುಹಲ್ಲು ಪೂರಾ ಬೀಳಲಿ, ಆಮೇಲೆ ನೋಡಿದರಾಯಿತು" ಎಂಬುದು ಹಿರಿಯರ ಮಾತು. "ಪಕ್ಕದ ಮನೆಯ ಹುಡುಗಿಗೆ ಎಂಟನೆಯ ವಯಸ್ಸಿಗೇ ಕ್ಲಿಪ್ ಹಾಕಿಸಿದ್ದಾರೆ, ನಾವು ತಡಮಾಡಿದೆವೇನೋ" ಎಂಬುದು ತಂದೆತಾಯಿಯರ ಆತಂಕ. ಮೊದಲನೆಯ ಮಾತನ್ನು ನಂಬಿ ಕುಳಿತಲ್ಲಿ, ಎಳೆಯ ವಯಸ್ಸಿನಲ್ಲಿ ಸುಲಭವಾಗಿ ತಿದ್ದಬಹುದಾಗಿದ್ದ ದೋಷವೊಂದು ಮಗು ಬೆಳೆದ ಮೇಲೆ ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು. ಎರಡನೆಯ ಆತಂಕಕ್ಕೆ ಒಳಗಾದಲ್ಲಿ, ಕಾಯ್ದಿದ್ದರೆ ಒಂದೇ ಸಲಕ್ಕೆ ಮುಗಿಯುತ್ತಿದ್ದ ಚಿಕಿತ್ಸೆಗೆ ಎರಡು ಸಲ ಹಣ ತೆರಬೇಕಾಗಬಹುದು. ಮಗುವೂ ವರ್ಷಗಟ್ಟಲೆ ಬಾಯಿಯಲ್ಲಿ ತಂತಿ ಹೊತ್ತು ಬೇಸರಗೊಳ್ಳಬಹುದು.

ಈ ಎರಡು ಅತಿಗಳ ನಡುವೆ ಒಂದು ಸ್ಪಷ್ಟವಾದ ದಾರಿ ಇದೆ. ಮಗುವಿನ ಬಾಯಿಯನ್ನು ತಜ್ಞರಿಗೆ ಬೇಗ ತೋರಿಸಬೇಕು; ಆದರೆ ಚಿಕಿತ್ಸೆಯನ್ನು ಅಗತ್ಯವಿರುವ ಮಕ್ಕಳಿಗೆ ಮಾತ್ರ ಬೇಗ ಆರಂಭಿಸಬೇಕು. ಈ ವ್ಯತ್ಯಾಸವನ್ನು ಪಾಲಕರು ಅರಿತರೆ ಅರ್ಧ ಗೊಂದಲ ತಾನಾಗಿ ಪರಿಹಾರವಾಗುತ್ತದೆ. ನಾವು ವೈದ್ಯರಲ್ಲ, ದಂತಶಾಸ್ತ್ರದಲ್ಲಿ ಇಂದು ಒಪ್ಪಿತವಾಗಿರುವ ವಿಚಾರಗಳನ್ನು ಪಾಲಕರಿಗೆ ತಿಳಿಯುವಂತೆ ಇಲ್ಲಿ ಸಂಗ್ರಹಿಸಿದ್ದೇವೆ.

ಹಲ್ಲುಗಳ ಕಾಲಕ್ರಮ

ಹಾಲುಹಲ್ಲುಗಳು ಒಟ್ಟು 20. ಮಗುವಿಗೆ ಸುಮಾರು 6 ತಿಂಗಳಾದಾಗ ಮೊದಲ ಹಲ್ಲು ಮೂಡಿ, ಎರಡೂವರೆಯಿಂದ ಮೂರು ವರ್ಷದೊಳಗೆ ಎಲ್ಲವೂ ಬಂದಿರುತ್ತವೆ. ಸುಮಾರು 6ನೆಯ ವರ್ಷದಲ್ಲಿ ಮೊದಲ ಶಾಶ್ವತ ದವಡೆಹಲ್ಲು ಮೂಡುತ್ತದೆ. ಇದು ಯಾವ ಹಾಲುಹಲ್ಲೂ ಬೀಳದೆ, ಕೊನೆಯ ಹಾಲುಹಲ್ಲಿನ ಹಿಂದೆ ಸದ್ದಿಲ್ಲದೆ ಬರುತ್ತದೆ. ಆದುದರಿಂದಲೇ ಅನೇಕ ಪಾಲಕರು ಇದನ್ನೂ ಹಾಲುಹಲ್ಲೆಂದೇ ತಿಳಿದು, ಹುಳುಕಾದರೂ "ಹೇಗೂ ಬಿದ್ದುಹೋಗುತ್ತದೆ" ಎಂದು ಸುಮ್ಮನಾಗುತ್ತಾರೆ. ಅದು ಬೀಳುವ ಹಲ್ಲಲ್ಲ, ಬಾಳಿನುದ್ದಕ್ಕೂ ಉಳಿಯಬೇಕಾದ ಹಲ್ಲು. ಮೇಲಿನ ಮತ್ತು ಕೆಳಗಿನ ದವಡೆಗಳು ಹೇಗೆ ಕೂಡಿಕೊಳ್ಳುತ್ತವೆ ಎಂಬುದನ್ನು ತಜ್ಞರು ಬಹುಮಟ್ಟಿಗೆ ಈ ಹಲ್ಲನ್ನು ನೋಡಿಯೇ ನಿರ್ಣಯಿಸುತ್ತಾರೆ.

6ರಿಂದ 9 ವರ್ಷದ ನಡುವೆ ಮುಂಭಾಗದ ಬಾಚಿಹಲ್ಲುಗಳು ಬದಲಾಗುತ್ತವೆ. ಬಳಿಕ ಒಂದೆರಡು ವರ್ಷ ಬಾಯಿ ಬಹುತೇಕ ವಿಶ್ರಾಂತಿಯಲ್ಲಿರುತ್ತದೆ. 10ರಿಂದ 12 ವರ್ಷದ ನಡುವೆ ಪಕ್ಕದ ಹಾಲುಹಲ್ಲುಗಳು ಬಿದ್ದು, ಮುಂದವಡೆ ಹಲ್ಲುಗಳೂ ಕೋರೆಹಲ್ಲುಗಳೂ ಬರುತ್ತವೆ. 12ರ ಸುಮಾರಿಗೆ ಎರಡನೆಯ ದವಡೆಹಲ್ಲು ಮೂಡುತ್ತದೆ. 6ರಿಂದ 12 ವರ್ಷದವರೆಗಿನ ಈ ಅವಧಿಯಲ್ಲಿ ಹಾಲುಹಲ್ಲು ಮತ್ತು ಶಾಶ್ವತ ಹಲ್ಲುಗಳು ಒಂದೇ ಬಾಯಿಯಲ್ಲಿ ಒಟ್ಟಿಗೆ ಇರುತ್ತವೆ. ಇದನ್ನು ಮಿಶ್ರ ದಂತಾವಸ್ಥೆ ಎಂದು ಕರೆಯಬಹುದು. ಬೇಗನೆಯ ಚಿಕಿತ್ಸೆಯ ಪ್ರಶ್ನೆಯೆಲ್ಲ ಹುಟ್ಟುವುದು ಈ ಅವಧಿಯಲ್ಲಿಯೇ.

ಈ ಅವಧಿಯಲ್ಲಿ ಮಗುವಿನ ಬಾಯಿ ನೋಡಲು ಚೆಂದವಿರುವುದು ವಿರಳ. ಹೊಸದಾಗಿ ಬಂದ ಮೇಲಿನ ಬಾಚಿಹಲ್ಲುಗಳು ಪುಟ್ಟ ಮುಖಕ್ಕೆ ದೊಡ್ಡದಾಗಿ ಕಾಣುತ್ತವೆ. ಅವು ಹೊರಗೆ ವಾಲಿ, ನಡುವೆ ಸಂದು ಬಿಟ್ಟಿರುತ್ತವೆ. 1937ರಲ್ಲಿ ಅಮೆರಿಕದ ದಂತತಜ್ಞ ಬ್ರಾಡ್‌ಬೆಂಟ್ ಅವರು ಇದನ್ನು 'ಕುರೂಪಿ ಬಾತುಮರಿಯ ಹಂತ' ಎಂದು ಕರೆದರು. ಮುಂದೆ ಹಂಸವಾಗಿ ಬೆಳೆಯುವ ಕಥೆಯ ಮರಿಯ ಹೆಸರು ಅದು. ಮೇಲೆ ಇನ್ನೂ ಮೂಳೆಯೊಳಗಿರುವ ಕೋರೆಹಲ್ಲುಗಳು ಬಾಚಿಹಲ್ಲಿನ ಬೇರನ್ನು ಒತ್ತುತ್ತಿರುವುದರಿಂದ ಹಲ್ಲುಗಳು ಹೀಗೆ ಹರಡಿರುತ್ತವೆ. ಕೋರೆಹಲ್ಲು ಇಳಿದು ಬಂದಂತೆ ಚಿಕ್ಕ ಸಂದು ಬಹುಪಾಲು ಮಕ್ಕಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ. ಎಂಟು ವರ್ಷದ ಮಗುವಿನ ಈ ಸಂದನ್ನು ನೋಡಿ ಅವಸರದಿಂದ ತಂತಿ ಹಾಕಿಸುವುದು ಸಾಮಾನ್ಯವಾಗಿ ಅನಗತ್ಯ.

ಇಕ್ಕಟ್ಟಿನ ವಿಷಯದಲ್ಲಿಯೂ ಪ್ರಕೃತಿ ಒಂದಿಷ್ಟು ಉಳಿತಾಯ ಮಾಡಿಟ್ಟಿದೆ. ಪಕ್ಕದ ಹಾಲುಹಲ್ಲುಗಳು ಅವುಗಳ ಸ್ಥಾನಕ್ಕೆ ಬರುವ ಶಾಶ್ವತ ಹಲ್ಲುಗಳಿಗಿಂತ ಒಟ್ಟಾರೆ ಅಗಲವಾಗಿವೆ. ಅವು ಬಿದ್ದಾಗ ಕೆಳದವಡೆಯ ಒಂದೊಂದು ಪಕ್ಕದಲ್ಲಿ ಸರಾಸರಿ 1.7 ಮಿಲಿಮೀಟರ್, ಮೇಲ್ದವಡೆಯಲ್ಲಿ 0.9 ಮಿಲಿಮೀಟರ್‌ನಷ್ಟು ಜಾಗ ಮಿಗುತ್ತದೆ. ಕೆಳಗಿನ ಬಾಚಿಹಲ್ಲುಗಳು ತುಸು ಇಕ್ಕಟ್ಟಾಗಿ ಬಂದಿದ್ದರೆ ಈ ಮಿಕ್ಕ ಜಾಗವನ್ನು ಕಾಪಾಡಿಕೊಂಡರೆ ಸಾಕಾಗಬಹುದು.

ಏಳನೆಯ ವರ್ಷವೇ ಏಕೆ?

ಅಮೆರಿಕದ ಆರ್ಥೊಡಾಂಟಿಸ್ಟರ ಸಂಘವು ಪ್ರತಿ ಮಗುವನ್ನೂ 7 ವರ್ಷ ತುಂಬುವುದರೊಳಗೆ ಒಮ್ಮೆ ತಜ್ಞರಿಗೆ ತೋರಿಸಬೇಕೆಂದು ಸಲಹೆ ನೀಡುತ್ತದೆ. ಆ ವೇಳೆಗೆ ಮೊದಲ ಶಾಶ್ವತ ದವಡೆಹಲ್ಲು ಬಂದು, ಬಾಚಿಹಲ್ಲುಗಳು ಮೂಡತೊಡಗಿರುತ್ತವೆ. ದವಡೆಗಳ ಹೊಂದಾಣಿಕೆ, ಹಲ್ಲುಗಳಿಗೆ ಇರುವ ಜಾಗ, ಬೆರಳು ಚೀಪುವ ಅಥವಾ ಬಾಯಿಯಿಂದ ಉಸಿರಾಡುವ ಅಭ್ಯಾಸದ ಪರಿಣಾಮ, ಇವೆಲ್ಲವನ್ನೂ ಆ ವಯಸ್ಸಿನಲ್ಲಿ ಗುರುತಿಸಬಹುದು. ಅಗತ್ಯವೆನಿಸಿದರೆ ಎಕ್ಸ್‌ರೇ ತೆಗೆದು ಯಾವುದಾದರೂ ಹಲ್ಲು ಹುಟ್ಟಿಯೇ ಇಲ್ಲವೇ, ಹೆಚ್ಚಿನ ಹಲ್ಲೊಂದು ದಾರಿಗೆ ಅಡ್ಡ ನಿಂತಿದೆಯೇ ಎಂಬುದನ್ನು ತಿಳಿಯಬಹುದು.

ಇಂತಹ ಪರೀಕ್ಷೆಯ ಫಲ ಬಹಳಷ್ಟು ಮಕ್ಕಳ ಪಾಲಿಗೆ ಒಂದೇ ಮಾತು: "ಸದ್ಯ ಏನೂ ಬೇಡ, ಆರು ತಿಂಗಳೋ ವರ್ಷವೋ ಬಿಟ್ಟು ಮತ್ತೆ ಕರೆತನ್ನಿ." ಈ ಉತ್ತರ ದೊರೆತರೆ ಪಾಲಕರು ಬೇಸರಪಡಬಾರದು. ವೈದ್ಯರು ಏನೂ ಮಾಡಲಿಲ್ಲವೆಂದು ಬೇರೊಬ್ಬರಲ್ಲಿಗೆ ಓಡುವುದೂ ಸರಿಯಲ್ಲ. ಕಾಯುವುದು ಕೂಡ ಚಿಕಿತ್ಸೆಯ ಒಂದು ಭಾಗ.

ತಡಮಾಡಬಾರದ ಸಂಗತಿಗಳು

ಹಾಗಾದರೆ ಯಾವ ಮಕ್ಕಳಿಗೆ ಬೇಗನೆಯ ಚಿಕಿತ್ಸೆ ನಿಜವಾಗಿಯೂ ಬೇಕು? ಮುಖ್ಯವಾದ ಆರು ಸಂದರ್ಭಗಳನ್ನು ಇಲ್ಲಿ ಹೇಳುತ್ತೇವೆ.

ಒಂದು: ಅಡ್ಡಕಚ್ಚು. ಸಹಜವಾಗಿ ಮೇಲಿನ ಹಲ್ಲುಗಳ ಸಾಲು ಕೆಳಗಿನ ಸಾಲನ್ನು ಹೊರಗಿನಿಂದ ಆವರಿಸಿರುತ್ತದೆ, ಡಬ್ಬಿಯ ಮುಚ್ಚಳದಂತೆ. ಮೇಲ್ದವಡೆ ಕಿರಿದಾಗಿದ್ದರೆ ಒಂದು ಪಕ್ಕದಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ. ಆಗ ಮಗು ಹಲ್ಲು ಕೂಡಿಸುವಾಗ ಕೆಳದವಡೆಯನ್ನು ಒಂದು ಬದಿಗೆ ಸರಿಸಿ ಕಚ್ಚುತ್ತದೆ. ಬೆಳೆಯುವ ವಯಸ್ಸಿನಲ್ಲಿ ಇದು ಹೀಗೆಯೇ ಮುಂದುವರಿದರೆ ಮುಖದ ಎರಡು ಪಕ್ಕಗಳ ಬೆಳವಣಿಗೆ ಸಮನಾಗದೆ ಹೋಗುವ ಸಂಭವವಿದೆ. ಅಂಗುಳಿನ ನಡುವೆ ಒಂದು ಮೂಳೆಯ ಸೇರುವೆ ಇದೆ; ಬಾಲ್ಯದಲ್ಲಿ ಅದು ಇನ್ನೂ ಬಿಗಿದುಕೊಂಡಿರುವುದಿಲ್ಲ. ಅಂಗುಳಿಗೆ ತಿರುಪುಳ್ಳ ಸಾಧನವೊಂದನ್ನು ಕೂಡಿಸಿ, ವೈದ್ಯರು ಹೇಳಿದ ಕ್ರಮದಲ್ಲಿ ಕೀಲಿಯಿಂದ ತಿರುಗಿಸಿದರೆ ಒಂದೊಂದು ಕಾಲು ಸುತ್ತಿಗೆ ಸುಮಾರು ಕಾಲು ಮಿಲಿಮೀಟರಿನಷ್ಟು ಮೇಲ್ದವಡೆ ಅಗಲವಾಗುತ್ತದೆ. ಈ ಸಮಯದಲ್ಲಿ ಮುಂಬದಿಯ ಹಲ್ಲುಗಳ ನಡುವೆ ಸಂದು ಕಾಣಿಸಿಕೊಂಡರೆ ಗಾಬರಿಪಡಬೇಕಾಗಿಲ್ಲ. ಅದು ಸಾಧನ ಕೆಲಸ ಮಾಡುತ್ತಿರುವುದರ ಗುರುತು. ಅಗಲಿಸಿದ ಬಳಿಕ ಹೊಸ ಮೂಳೆ ತುಂಬುವವರೆಗೆ ಸಾಧನವನ್ನು ಕೆಲವು ತಿಂಗಳು ಹಾಗೆಯೇ ಇಡುತ್ತಾರೆ. ಸೇರುವೆ ಬಿಗಿದುಕೊಂಡ ಮೇಲೆ ಇದೇ ಕಾರ್ಯಕ್ಕೆ ಶಸ್ತ್ರಚಿಕಿತ್ಸೆಯ ನೆರವು ಬೇಕಾಗಬಹುದು.

ಎರಡು: ಕೆಳಗಿನ ಹಲ್ಲು ಮುಂದೆ, ಮೇಲಿನ ಹಲ್ಲು ಹಿಂದೆ ಇರುವುದು. ಮೇಲ್ದವಡೆಯ ಬೆಳವಣಿಗೆ ಹಿಂದೆ ಬಿದ್ದಿದ್ದರೆ, ಹಣೆ ಮತ್ತು ಗದ್ದಕ್ಕೆ ಆಧಾರವಿರುವ ಚೌಕಟ್ಟಿನಿಂದ ರಬ್ಬರಿನ ಎಳೆತ ಕೊಟ್ಟು ಅದನ್ನು ಮುಂದಕ್ಕೆ ತರುವ ವಿಧಾನವಿದೆ. ಇದನ್ನು ಮನೆಯಲ್ಲಿ ಸಂಜೆ ಮತ್ತು ರಾತ್ರಿ ಧರಿಸಿದರಾಯಿತು. ಬ್ರಿಟನ್ನಿನಲ್ಲಿ 10 ವರ್ಷದೊಳಗಿನ ಮಕ್ಕಳ ಮೇಲೆ ನಡೆದ ಅಧ್ಯಯನವೊಂದರಲ್ಲಿ ಆರು ವರ್ಷಗಳ ತರುವಾಯ ಪರಿಶೀಲಿಸಿದಾಗ, ಈ ಚಿಕಿತ್ಸೆ ಪಡೆಯದವರಲ್ಲಿ ಶೇ. 66 ಮಕ್ಕಳಿಗೆ ಮುಂದೆ ದವಡೆಯ ಶಸ್ತ್ರಚಿಕಿತ್ಸೆ ಬೇಕಾದೀತೆಂದು ತಜ್ಞರು ಕಂಡುಕೊಂಡರು. ಪಡೆದವರಲ್ಲಿ ಆ ಪ್ರಮಾಣ ಶೇ. 36 ಇತ್ತು. ಎಂಟನೆಯ ವಯಸ್ಸಿನ ಒಂದು ವರ್ಷದ ಶ್ರಮ ಎಷ್ಟು ದೂರ ಸಾಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಮೂರು: ಬೆರಳು ಚೀಪುವುದು. ಶಿಶುವಿನಲ್ಲಿ ಇದು ಸಹಜ. ಬಹುಪಾಲು ಮಕ್ಕಳು ಶಾಲೆಗೆ ಸೇರುವ ವೇಳೆಗೆ ತಾವಾಗಿ ಬಿಡುತ್ತಾರೆ. ಶಾಶ್ವತ ಬಾಚಿಹಲ್ಲು ಬರುವಾಗಲೂ ಮುಂದುವರಿದರೆ ಮೇಲಿನ ಹಲ್ಲು ಹೊರಗೆ ವಾಲುತ್ತದೆ, ಮೇಲಿನ ಮತ್ತು ಕೆಳಗಿನ ಮುಂಬದಿಯ ಹಲ್ಲುಗಳು ಕೂಡದೆ ನಡುವೆ ಕಿಂಡಿ ಉಳಿಯುತ್ತದೆ. ಬೆರಳಿಗೆ ಖಾರ ಹಚ್ಚುವುದು, ಹೊಡೆಯುವುದು, ಬಂಧುಗಳೆದುರು ಹೀಯಾಳಿಸುವುದು, ಇವು ಯಾವುವೂ ಪರಿಹಾರವಲ್ಲ. ಮಗುವಿಗೆ ತಿಳಿಹೇಳಿ, ಬಿಟ್ಟ ದಿನಗಳನ್ನು ಮೆಚ್ಚಿ ಪ್ರೋತ್ಸಾಹಿಸಬೇಕು. ಅದರಿಂದಲೂ ಆಗದಿದ್ದರೆ ನೆನಪಿಸುವ ಸಾಧನವೊಂದನ್ನು ತಜ್ಞರು ಬಾಯಿಯಲ್ಲಿ ಕೂಡಿಸುತ್ತಾರೆ. ಸದಾ ಬಾಯಿ ತೆರೆದೇ ಉಸಿರಾಡುವ, ರಾತ್ರಿ ಗೊರಕೆ ಹೊಡೆಯುವ ಮಗುವನ್ನು ಕಿವಿ-ಮೂಗು-ಗಂಟಲು ತಜ್ಞರಿಗೂ ತೋರಿಸುವುದು ಅವಶ್ಯ.

ನಾಲ್ಕು: ಹಾಲು ದವಡೆಹಲ್ಲು ಹುಳುಕಾಗಿ ಅಕಾಲದಲ್ಲಿ ಹೋಗುವುದು. ಹಾಲುಹಲ್ಲು ಮುಂದೆ ಬರುವ ಹಲ್ಲಿಗಾಗಿ ಜಾಗ ಕಾಯುವ ಕಾವಲುಗಾರ. ಅದು ಐದಾರು ವರ್ಷಕ್ಕೇ ಹೋದರೆ ಹಿಂದಿನ ಶಾಶ್ವತ ದವಡೆಹಲ್ಲು ಖಾಲಿ ಜಾಗಕ್ಕೆ ವಾಲಿಕೊಂಡು ಬರುತ್ತದೆ. ಕೆಳಗಿನಿಂದ ಬರಬೇಕಾದ ಹಲ್ಲಿಗೆ ದಾರಿಯಿಲ್ಲದಂತಾಗುತ್ತದೆ. ಹಲ್ಲು ಕೀಳಿಸಿದ ಬಳಿಕ ತಂತಿಯ ಸಣ್ಣ ಕೊಂಡಿಯೊಂದನ್ನು ಕೂಡಿಸಿ ಜಾಗ ಕಾಪಾಡಿದರೆ ಮುಂದಿನ ದೊಡ್ಡ ಚಿಕಿತ್ಸೆ ತಪ್ಪಬಹುದು ಅಥವಾ ಹಗುರಾಗಬಹುದು. ಹುಳುಕಾದ ಹಾಲುಹಲ್ಲನ್ನು ತುಂಬಿಸಿ ಉಳಿಸಿಕೊಳ್ಳುವುದು ಇದಕ್ಕಿಂತಲೂ ಮೇಲು.

ಐದು: ಬಹಳ ಉಬ್ಬಿದ ಮೇಲಿನ ಹಲ್ಲು. ತುಟಿಯ ಆಸರೆಯಿಲ್ಲದ ಹಲ್ಲಿಗೆ ಆಟದಲ್ಲಿ, ಸೈಕಲ್ಲಿನಿಂದ ಬಿದ್ದಾಗ ಪೆಟ್ಟಾಗುವುದು ಹೆಚ್ಚು. ಈ ವಿಚಾರವನ್ನು ಮುಂದೆ ಬಿಡಿಸಿ ಹೇಳುತ್ತೇವೆ.

ಆರು: ದಾರಿ ತಪ್ಪಿದ ಕೋರೆಹಲ್ಲು. 10ನೆಯ ವಯಸ್ಸಿನ ಹೊತ್ತಿಗೆ ಮೇಲಿನ ಕೋರೆಹಲ್ಲಿನ ಉಬ್ಬು ಒಸಡಿನ ಮೇಲೆ ಬೆರಳಿಗೆ ತಗುಲಬೇಕು. ಒಂದು ಪಕ್ಕದಲ್ಲಿ ತಗುಲಿ ಇನ್ನೊಂದು ಪಕ್ಕದಲ್ಲಿ ತಗುಲದಿದ್ದರೆ ಪರೀಕ್ಷೆ ಮಾಡಿಸಬೇಕು. ಅಂಗುಳಿನ ಕಡೆಗೆ ತಿರುಗಿದ ಕೋರೆಹಲ್ಲಿನ ಕೆಳಗಿರುವ ಹಾಲುಹಲ್ಲನ್ನು ಸಕಾಲದಲ್ಲಿ ತೆಗೆದರೆ ಅದು ತಾನಾಗಿ ಸರಿದಾರಿಗೆ ಬರುವುದುಂಟು. ಸ್ವೀಡನ್ನಿನ ಎರಿಕ್ಸನ್ ಮತ್ತು ಕುರೋಲ್ ಎಂಬ ತಜ್ಞರು 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂತಹ 46 ಕೋರೆಹಲ್ಲುಗಳ ಪೈಕಿ 36 ಹೀಗೆ ಸರಿಹೋದವು. ಅದೇ ರೀತಿ, ಒಂದು ಪಕ್ಕದ ಬಾಚಿಹಲ್ಲು ಬಂದು ಆರು ತಿಂಗಳಾದರೂ ಅದರ ಜೋಡಿ ಹಲ್ಲು ಬಾರದಿದ್ದರೆ ಕಾಯುತ್ತ ಕೂಡಬಾರದು.

ಎರಡು ಹಂತವೆಂದರೇನು?

ಮಿಶ್ರ ದಂತಾವಸ್ಥೆಯಲ್ಲಿ, ಸಾಮಾನ್ಯವಾಗಿ 7ರಿಂದ 10 ವರ್ಷದೊಳಗೆ, ಮೇಲೆ ಹೇಳಿದಂತಹ ನಿರ್ದಿಷ್ಟ ದೋಷವೊಂದನ್ನು ತಿದ್ದುವುದು ಮೊದಲ ಹಂತ. ಇದು ಹೆಚ್ಚಾಗಿ ವರ್ಷದೊಳಗೆ ಮುಗಿಯುತ್ತದೆ. ಬಳಿಕ ವಿರಾಮ, ಉಳಿದ ಹಲ್ಲುಗಳು ಬರುವುದನ್ನು ಆಗಾಗ ಪರೀಕ್ಷಿಸುತ್ತಿರುತ್ತಾರೆ. ಶಾಶ್ವತ ಹಲ್ಲುಗಳು ಬಂದ ಮೇಲೆ, 12ರ ಆಚೀಚೆ, ಹಲ್ಲಿಗೆ ಅಂಟಿಸುವ ಪೂರ್ಣ ಪ್ರಮಾಣದ ಕ್ಲಿಪ್ಪಿನಿಂದ ಸಾಲನ್ನು ನೇರಗೊಳಿಸುವುದು ಎರಡನೆಯ ಹಂತ. ಇದಕ್ಕೆ ಸುಮಾರು ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ಮೊದಲ ಹಂತ ಮಾಡಿಸಿದ ಮಾತ್ರಕ್ಕೆ ಎರಡನೆಯದು ತಪ್ಪುತ್ತದೆಂಬ ಭರವಸೆ ಇಲ್ಲ. ಅನೇಕ ಮಕ್ಕಳಿಗೆ ಎರಡೂ ಬೇಕಾಗುತ್ತವೆ. ಪಾಲಕರು ಇದನ್ನು ಮೊದಲೇ ತಿಳಿದಿರಬೇಕು.

ಉಬ್ಬುಹಲ್ಲಿನ ವಿಷಯದಲ್ಲಿ ಈ ಎರಡು ಹಂತದ ಕ್ರಮ ಎಷ್ಟು ಪ್ರಯೋಜನಕಾರಿ ಎಂಬುದನ್ನು ಅಮೆರಿಕದ ಉತ್ತರ ಕೆರೊಲಿನಾ ಮತ್ತು ಫ್ಲೋರಿಡಾ ವಿಶ್ವವಿದ್ಯಾಲಯಗಳಲ್ಲಿಯೂ ಬ್ರಿಟನ್ನಿನಲ್ಲಿಯೂ ಪರೀಕ್ಷಿಸಿ ನೋಡಿದ್ದಾರೆ. ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಳೆಯ ವಯಸ್ಸಿನಲ್ಲಿ, ಇನ್ನೊಂದಕ್ಕೆ ಹದಿವಯಸ್ಸಿನಲ್ಲಿ ಮಾತ್ರ ಚಿಕಿತ್ಸೆ ನೀಡಿ ವರ್ಷಗಟ್ಟಲೆ ಗಮನಿಸಿದರು. ಬ್ರಿಟನ್ನಿನ ಅಧ್ಯಯನದಲ್ಲಿ ಬಳಸಿದ ಸಾಧನ ಟ್ವಿನ್ ಬ್ಲಾಕ್. ಸ್ಕಾಟ್ಲೆಂಡಿನ ವಿಲಿಯಂ ಕ್ಲಾರ್ಕ್ ಎಂಬ ತಜ್ಞರು 1977ರಲ್ಲಿ ರೂಪಿಸಿದ, ಕೆಳದವಡೆಯನ್ನು ಮುಂದಿಟ್ಟು ಕಚ್ಚುವಂತೆ ಮಾಡುವ ಜೋಡಿ ಫಲಕಗಳು ಅವು. ಈ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದ ಕಾಕ್ರೇನ್ ವಿಮರ್ಶೆ ಮುಟ್ಟಿದ ತೀರ್ಮಾನ ಸರಳವಾಗಿದೆ: ಚಿಕಿತ್ಸೆ ಪೂರ್ತಿಯಾದ ಮೇಲೆ ಎರಡು ಗುಂಪಿನ ಮಕ್ಕಳ ಹಲ್ಲು ಮತ್ತು ದವಡೆಯ ಸ್ಥಿತಿಯಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಒಂದು ಲಾಭ ಮಾತ್ರ ಉಳಿಯಿತು. ಬೇಗ ಚಿಕಿತ್ಸೆ ಪಡೆದವರಲ್ಲಿ ಮುಂಬದಿಯ ಹಲ್ಲಿಗೆ ಪೆಟ್ಟಾದುದು ಕಡಿಮೆ.

ಆದರೆ ಲೆಕ್ಕ ಇಲ್ಲಿಗೇ ಮುಗಿಯುವುದಿಲ್ಲ. ಬ್ರಿಟನ್ನಿನ ಅಧ್ಯಯನದಲ್ಲಿಯೇ, ಬೇಗ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಆ ಅವಧಿಯ ಕೊನೆಗೆ ಆತ್ಮವಿಶ್ವಾಸ ಹೆಚ್ಚಿದುದೂ ಒಡನಾಡಿಗಳ ನಡುವೆ ಅನುಭವಿಸುವ ಕಹಿ ಕಡಿಮೆಯಾದುದೂ ಕಂಡುಬಂದಿತು. ಶಾಲೆಯಲ್ಲಿ ಅಡ್ಡಹೆಸರಿಟ್ಟು ಕರೆಸಿಕೊಳ್ಳುವ, ಅದಕ್ಕಾಗಿ ನಗುವುದನ್ನೇ ಬಿಟ್ಟ ಮಗುವಿನ ವಿಷಯದಲ್ಲಿ "ಇನ್ನೂ ನಾಲ್ಕು ವರ್ಷ ಕಾಯಿ" ಎನ್ನುವುದು ಸುಲಭವಲ್ಲ. ಆದುದರಿಂದ ನಿಯಮ ಹೀಗೆ: ಸಾಧಾರಣ ಉಬ್ಬಿಗೆ ಕಾಯಬಹುದು. ಹಲ್ಲು ತೀರ ಮುಂದೆ ಚಾಚಿ ಪೆಟ್ಟಿಗೆ ಈಡಾಗುವಂತಿದ್ದರೆ ಅಥವಾ ಮಗು ಒಳಗೊಳಗೇ ನೊಂದಿದ್ದರೆ ಮೊದಲ ಹಂತದ ಚಿಕಿತ್ಸೆಗೆ ಅರ್ಥವಿದೆ. ಕಾಯುವುದಾದರೂ ಬೆಳವಣಿಗೆಯ ಭರದ ಕಾಲವನ್ನು ದಾಟಿಸಬಾರದು. ಹೆಣ್ಣುಮಕ್ಕಳಲ್ಲಿ ಆ ಭರ ಗಂಡುಮಕ್ಕಳಿಗಿಂತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಹೆಣ್ಣುಮಗುವಿನ ಹಲ್ಲನ್ನು "ಮದುವೆಯ ಹೊತ್ತಿಗೆ ನೋಡೋಣ" ಎಂದು ಮುಂದೂಡುವ ರೂಢಿ ಈ ಕಾರಣದಿಂದಲೂ ತಪ್ಪು.

ಯಾರಲ್ಲಿಗೆ ಹೋಗಬೇಕು, ಏನು ಕೇಳಬೇಕು?

ಬಿ.ಡಿ.ಎಸ್. ಪದವಿಯ ಬಳಿಕ 3 ವರ್ಷದ ಎಂ.ಡಿ.ಎಸ್. ವ್ಯಾಸಂಗವನ್ನು ಆರ್ಥೊಡಾಂಟಿಕ್ಸ್ ವಿಷಯದಲ್ಲಿ ಮುಗಿಸಿದವರು ಈ ಚಿಕಿತ್ಸೆಯ ತಜ್ಞರು. ಮಕ್ಕಳ ದಂತವೈದ್ಯ ವಿಭಾಗದಲ್ಲಿ ಎಂ.ಡಿ.ಎಸ್. ಮಾಡಿದವರೂ ಹುಳುಕು, ಜಾಗ ಕಾಪಾಡುವುದು, ಬೆರಳು ಚೀಪುವ ಅಭ್ಯಾಸ ಮೊದಲಾದವುಗಳನ್ನು ನೋಡಿಕೊಳ್ಳುತ್ತಾರೆ. ಖಾಸಗಿ ಚಿಕಿತ್ಸಾಲಯದ ವೆಚ್ಚ ಭರಿಸಲಾಗದವರು ದಂತ ಮಹಾವಿದ್ಯಾಲಯಗಳ ಆಸ್ಪತ್ರೆಗಳನ್ನು ವಿಚಾರಿಸಬಹುದು. ಅಲ್ಲಿ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ಚಿಕಿತ್ಸೆ ನೀಡುವುದರಿಂದ ವೆಚ್ಚ ಸಾಮಾನ್ಯವಾಗಿ ಕಡಿಮೆ. ಬೆಂಗಳೂರಿನಲ್ಲಿ ಸರ್ಕಾರಿ ದಂತ ಮಹಾವಿದ್ಯಾಲಯವಿದೆ. ಮೈಸೂರಿನ ಜೆ.ಎಸ್.ಎಸ್., ಚಿತ್ರದುರ್ಗದ ಎಸ್.ಜೆ.ಎಂ. ಮಹಾವಿದ್ಯಾಲಯಗಳು ಮಠಗಳ ವಿದ್ಯಾಸಂಸ್ಥೆಗಳಿಂದಲೇ ನಡೆಯುತ್ತಿವೆ. ದಾವಣಗೆರೆ, ಬಾಗಲಕೋಟೆ, ಬೆಳಗಾವಿ, ಧಾರವಾಡಗಳಲ್ಲಿಯೂ ದಂತ ಮಹಾವಿದ್ಯಾಲಯಗಳಿವೆ. ಅಲ್ಲಿಗೆ ಹೋಗುವವರು ಸಮಯಕ್ಕೂ ಓಡಾಟಕ್ಕೂ ಸಿದ್ಧರಿರಬೇಕು.

ಬೇಗನೆಯ ಚಿಕಿತ್ಸೆಯನ್ನು ಸೂಚಿಸಿದ ವೈದ್ಯರನ್ನು ಪಾಲಕರು ಸಂಕೋಚವಿಲ್ಲದೆ ಕೇಳಬೇಕಾದ ಪ್ರಶ್ನೆಗಳಿವೆ. ಈಗ ತಿದ್ದಬೇಕಾದ ದೋಷ ಯಾವುದು? 12 ವರ್ಷದವರೆಗೆ ಕಾಯ್ದರೆ ಏನು ನಷ್ಟ? ಎರಡನೆಯ ಹಂತವೂ ಬೇಕಾದೀತೇ? ಎರಡೂ ಹಂತಗಳ ಒಟ್ಟು ವೆಚ್ಚವೆಷ್ಟು, ಕಂತುಗಳಲ್ಲಿ ಕಟ್ಟಬಹುದೇ? ಎರಡನೆಯ ಪ್ರಶ್ನೆಗೆ ಸ್ಪಷ್ಟವಾದ ಉತ್ತರ ಬಾರದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯುವುದರಲ್ಲಿ ಅಗೌರವವೇನೂ ಇಲ್ಲ.

ಮನೆಯಲ್ಲಿ ಮಾಡಬೇಕಾದುದು

ಚಿಕಿತ್ಸೆಯ ಅರ್ಧ ಭಾಗ ಮನೆಯಲ್ಲಿಯೇ ನಡೆಯುತ್ತದೆ. ತಂತಿಯ ಸುತ್ತ ಸಿಕ್ಕಿಕೊಂಡ ಆಹಾರವನ್ನು ದಿನಕ್ಕೆ ಎರಡು ಸಲ ಉಜ್ಜಿ ತೆಗೆಯದಿದ್ದರೆ ನೇರವಾದ ಹಲ್ಲಿನ ಮೇಲೆ ಬಿಳಿಯ ಕಲೆ ಮತ್ತು ಹುಳುಕು ಉಳಿಯುತ್ತವೆ. ತೆಗೆದು ಹಾಕುವ ಸಾಧನವನ್ನು ಮಗು ಧರಿಸದಿದ್ದರೆ ಹಣವೂ ಕಾಲವೂ ವ್ಯರ್ಥ. ಅಂಟುವ ಮಿಠಾಯಿ, ಚಕ್ಕುಲಿ, ಹುರಿಗಡಲೆ, ಇಡಿಯ ಕಬ್ಬು ಇವುಗಳಿಂದ ಕ್ಲಿಪ್ ಕಿತ್ತುಬರುತ್ತದೆ. ಚಿಕಿತ್ಸೆ ಮುಗಿದ ಬಳಿಕ ಹಲ್ಲು ಹಿಂದಿನ ಜಾಗಕ್ಕೆ ಮರಳದಂತೆ ಹಿಡಿದಿಡುವ ಸಾಧನವನ್ನು ವೈದ್ಯರು ಹೇಳಿದಷ್ಟು ಕಾಲ ಧರಿಸಲೇಬೇಕು.

ಒಂದು ಎಚ್ಚರಿಕೆಯನ್ನು ವಿಶೇಷವಾಗಿ ಹೇಳಬೇಕಾಗಿದೆ. ಹಲ್ಲಿನ ಸಂದು ಮುಚ್ಚಲೆಂದು ಎರಡು ಬಾಚಿಹಲ್ಲುಗಳ ಸುತ್ತ ರಬ್ಬರ್ ಬ್ಯಾಂಡ್ ಸುತ್ತುವ ಪ್ರಯೋಗವನ್ನು ಯಾರೂ ಮಾಡಬಾರದು. ಬ್ಯಾಂಡು ಜಾರಿ ಒಸಡಿನೊಳಗೆ ಸೇರಿ, ಬೇರಿನ ಕಡೆಗೆ ಸರಿಯುತ್ತ ಮೂಳೆಯನ್ನೇ ಹಾಳುಮಾಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಕೊನೆಗೆ ಆರೋಗ್ಯವಾಗಿದ್ದ ಎರಡು ಹಲ್ಲುಗಳೂ ಸಡಿಲಗೊಂಡು ಬೀಳಬಹುದು.

ಹಲ್ಲು ಸೊಟ್ಟಗಿರುವುದು ಮಗುವಿನ ತಪ್ಪಲ್ಲ. ದವಡೆಯ ಅಳತೆ, ಹಲ್ಲಿನ ಅಳತೆ ಬಹುಮಟ್ಟಿಗೆ ವಂಶದಿಂದ ಬರುವಂಥವು. ಮನೆಯವರು ಪ್ರೀತಿಯಿಂದಲೇ ಇಟ್ಟ ಅಡ್ಡಹೆಸರೂ ಮಗುವಿನ ಮನಸ್ಸಿಗೆ ನಾಟಬಲ್ಲದು. ಹಾಗೆಯೇ, ತುಸು ಓರೆಯಾದ ಒಂದು ಹಲ್ಲು ಊಟಕ್ಕೂ ಮಾತಿಗೂ ಅಡ್ಡಿಯಾಗದೆ, ಮಗುವಿಗೂ ಅದರಿಂದ ಬೇಸರವಿಲ್ಲವೆಂದಾದರೆ ಸಾಲ ಮಾಡಿ ಅದನ್ನು ನೇರಗೊಳಿಸಬೇಕಾದ ಅಗತ್ಯವಿಲ್ಲ.

ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ಮನೆಯಲ್ಲಿ ಆರು ಏಳು ವರ್ಷದ ಮಗುವಿದ್ದರೆ ಈ ರಜೆಯಲ್ಲಿ ಒಮ್ಮೆ ತಜ್ಞರಿಗೆ ತೋರಿಸಿರಿ. ಕಾಯಬೇಕೆಂದು ಅವರು ಹೇಳಿದರೆ ಹೇಳಿದ ದಿನಕ್ಕೆ ತಪ್ಪದೆ ಮತ್ತೆ ಕರೆದುಕೊಂಡು ಹೋಗಿರಿ. ಈಗಲೇ ಆರಂಭಿಸಬೇಕೆಂದು ಹೇಳಿದರೆ ಕಾರಣ ಕೇಳಿ ತಿಳಿದುಕೊಂಡು ಆರಂಭಿಸಿರಿ.